ಶತ್ರುವಿಗೆ ಗೊತ್ತಿರುವುದನ್ನು ಯಾರಿಂದ ಮುಚ್ಚಿಡುತ್ತಾರೆ?

2022ರ ಮಾರ್ಚ್ 31. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಒಂದು ಸೂಪರ್‌ಮಾರ್ಕೆಟ್. ಸಾಮಾನುಗಳ ಕೆಳಗೆ ಬೆಲೆ ಬರೆದ ಚೀಟಿ ಸಿಕ್ಕಿಸಿರುತ್ತಾರಲ್ಲ, ಅಂಥ ಐದು ಚೀಟಿಗಳನ್ನು ಸಾಶಾ ಸ್ಕೋಚಿಲೆಂಕೊ ತೆಗೆದರು. ಆ ಜಾಗಕ್ಕೆ ಬೇರೆ ಐದು ಚೀಟಿ ಸಿಕ್ಕಿಸಿ ಹೊರಟರು. ಸಾಶಾ ಕಲಾವಿದೆ, ಖಿನ್ನತೆಯ ಬಗ್ಗೆ ಚಿತ್ರಪುಸ್ತಕ ಬರೆದವರು. ಚೀಟಿಗಳು ದೂರದಿಂದ ಮಾಮೂಲಿ ಬೆಲೆಚೀಟಿಯ ಹಾಗೇ ಕಾಣುತ್ತಿದ್ದವು. ಹತ್ತಿರ ಹೋಗಿ ಓದಿದರೆ ಬೆಲೆ ಇರಬೇಕಾದ ಕಡೆ ಯುದ್ಧದ ಸುದ್ದಿ. ಉಕ್ರೇನಿನ ಮರಿಯುಪೋಲ್‌ನಲ್ಲಿ ಸುಮಾರು 400 ಜನ ಆಶ್ರಯ ಪಡೆದಿದ್ದ ಕಲಾಶಾಲೆಯ ಮೇಲೆ ರಷ್ಯಾ ಸೇನೆ ಬಾಂಬ್ ಹಾಕಿತು ಎಂದು ಒಂದರಲ್ಲಿತ್ತು.

ವಯಸ್ಸಾದ ಗಿರಾಕಿಯೊಬ್ಬರು ಅದನ್ನು ಓದಿ ದೂರು ಕೊಟ್ಟರು. ಏಪ್ರಿಲ್ 11ರಂದು ಸಾಶಾ ಬಂಧನವಾಯಿತು. ಹೃದಯದ ತೊಂದರೆ ಇತ್ತು, ಗೋಧಿ ತಿಂದರೆ ಆಗದ ಸೀಲಿಯಾಕ್ ಕಾಯಿಲೆ ಇತ್ತು. ಆದರೂ ಜಾಮೀನು ಸಿಗಲಿಲ್ಲ. 2023ರ ನವೆಂಬರ್‌ನಲ್ಲಿ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಿತು. 2024ರ ಆಗಸ್ಟ್ 1ರಂದು ರಷ್ಯಾ ಮತ್ತು ಪಶ್ಚಿಮದ ದೇಶಗಳ ನಡುವೆ ಕೈದಿಗಳ ವಿನಿಮಯ ನಡೆಯಿತು. ಅದರಲ್ಲಿ ಅವರು ಹೊರಬಂದರು. ಇಲ್ಲದಿದ್ದರೆ ಇವತ್ತಿಗೂ ಒಳಗೇ ಇರುತ್ತಿದ್ದರೇನೋ.

ಆ ಐದು ಚೀಟಿಗಳಲ್ಲಿ ಸೇನೆಯ ಗುಟ್ಟು ಯಾವುದಿತ್ತು? ಮರಿಯುಪೋಲ್‌ನಲ್ಲಿ ಏನಾಯಿತು ಅಂತ ಉಕ್ರೇನಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಂಬು ಬಿದ್ದದ್ದು ಅವರ ತಲೆಯ ಮೇಲೆಯೇ. ಗೊತ್ತಿಲ್ಲದೆ ಇದ್ದವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹಾಲು, ಬ್ರೆಡ್ಡು ತರಲು ಬಂದವರು. ಯುದ್ಧ ಶುರುವಾದ ತಕ್ಷಣ ಎಲ್ಲ ಸರ್ಕಾರಗಳೂ ಶತ್ರುವಿಗೆ ಮಾಹಿತಿ ಸಿಗಬಾರದು ಎಂದು ಹೇಳಿಯೇ ಬಾಯಿಗೆ ಬೀಗ ಹಾಕುತ್ತವೆ. ಜೈಲಿಗೆ ಹೋದ ಬರಹಗಾರರ ಪ್ರಕರಣಗಳನ್ನು ಒಂದೊಂದಾಗಿ ತೆರೆದು ನೋಡಿ. ಬಹುತೇಕ ಎಲ್ಲದರಲ್ಲೂ ಕಾಣುವುದು ಶತ್ರುವಿಗೆ ಆಗಲೇ ಗೊತ್ತಿದ್ದ ಸಂಗತಿಯೇ. ಅದನ್ನು ಮುಚ್ಚಿಡುತ್ತಿರುವುದು ಸ್ವಂತ ಜನರಿಂದ.

ನಮಗೂ ಇದು ದೂರದ ಮಾತಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ದಿನಸಿ ತರಲು ಹೊರಗೆ ಹೋಗಿದ್ದ ಹುಡುಗ. ಇಡೀ ಕರ್ನಾಟಕ ಆ ಮನೆಯವರ ಜೊತೆ ಅತ್ತಿತು. ತನ್ನ ಸೇನೆ ಮಿಲಿಟರಿ ನೆಲೆಗಳ ಮೇಲೆ ಮಾತ್ರ ದಾಳಿ ಮಾಡುತ್ತಿದೆ ಎಂದು ರಷ್ಯಾದ ರಕ್ಷಣಾ ಇಲಾಖೆ ಆಗ ಹೇಳುತ್ತಿತ್ತು. ಹಾರ್ಕಿವ್‌ನಲ್ಲಿ ರಷ್ಯಾದ ಸೇನೆ ನಾಗರಿಕರನ್ನು ಕೊಲ್ಲುತ್ತಿದೆ ಎಂದು ಮಾಸ್ಕೋದಲ್ಲಿ ಕೂತು ಬರೆದವರು ಅದಾದ ಕೆಲವೇ ದಿನಗಳಲ್ಲಿ ಅಪರಾಧಿಗಳಾದರು. ನಾವು ಇಲ್ಲಿ ಊರೂರಲ್ಲಿ ಮಾತಾಡಿದ್ದನ್ನೇ ಅವರು ಅಲ್ಲಿ ಆಡುವಂತಿರಲಿಲ್ಲ.

ಅವರನ್ನು ಅಪರಾಧಿಗಳನ್ನಾಗಿಸಿದ ಕಾನೂನು ಬಂದದ್ದು ಮಾರ್ಚ್ 4ರಂದು, ಯುದ್ಧದ ಒಂಬತ್ತನೇ ದಿನ. ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ, ಪುಟಿನ್ ಸಹಿ, ಎಲ್ಲ ಒಂದೇ ದಿನದಲ್ಲಿ ಮುಗಿಯಿತು. ಸೇನೆಯ ಬಗ್ಗೆ ಗೊತ್ತಿದ್ದೂ ಸುಳ್ಳು ಹರಡಿದರೆ 15 ವರ್ಷದವರೆಗೆ ಜೈಲು. ಸುಳ್ಳು ಯಾವುದು, ನಿಜ ಯಾವುದು ಅಂತ ತೀರ್ಮಾನಿಸುವಾಗ ಕೋರ್ಟುಗಳು ಅಳತೆಗೋಲಾಗಿ ಹಿಡಿದದ್ದು ರಕ್ಷಣಾ ಇಲಾಖೆಯ ಹೇಳಿಕೆಗಳನ್ನೇ. ಅಂದರೆ ಆರೋಪ ಯಾರ ಮೇಲಿದೆಯೋ ಅವರ ಮಾತೇ ಸಾಕ್ಷಿ. ಇದರ ಜೊತೆಗೆ ಸೇನೆಗೆ ‘ಕೆಟ್ಟ ಹೆಸರು ತರುವುದು’ ಎಂಬ ಇನ್ನೊಂದು ಅಪರಾಧ. ಮೊದಲ ಸಲ ದಂಡ. ವರ್ಷದೊಳಗೆ ಮತ್ತೆ ಅದೇ ಆದರೆ ಕ್ರಿಮಿನಲ್ ಕೇಸು. ಏನೂ ಬರೆಯದ ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎತ್ತಿಕೊಂಡು ಹೋದರು.

ಎಖೋ ಮಾಸ್ಕ್ವಿ ರೇಡಿಯೋ ಆ ವಾರವೇ ಬಂದ್ ಆಯಿತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ದ್ಮಿತ್ರಿ ಮುರಾತೊವ್ ಅವರ ನೊವಾಯಾ ಗಜೆಟಾ ಪತ್ರಿಕೆ ತಿಂಗಳ ಕೊನೆಗೆ ನಿಂತಿತು. ಮಾಸ್ಕೋದ ಸ್ಥಳೀಯ ಕೌನ್ಸಿಲರ್ ಅಲೆಕ್ಸೆಯ್ ಗೊರಿನೊವ್ ಒಂದು ಸಭೆಯಲ್ಲಿ ಎದ್ದು ಮಾತಾಡಿದರು. ಉಕ್ರೇನಿನಲ್ಲಿ ಮಕ್ಕಳು ಸಾಯುತ್ತಿರುವಾಗ ಇಲ್ಲಿ ಮಕ್ಕಳ ಚಿತ್ರ ಬಿಡಿಸುವ ಸ್ಪರ್ಧೆ ಹೇಗೆ ಮಾಡುವುದು ಎಂಬುದು ಅವರ ಮಾತಿನ ಸಾರ. ಜುಲೈನಲ್ಲಿ 7 ವರ್ಷ ಶಿಕ್ಷೆಯಾಯಿತು.

ಹಾಗಾದರೆ ಯುದ್ಧ ಕಾಲದಲ್ಲಿ ಯಾವ ತಡೆಯೂ ಇರಬಾರದಾ? ಹಾಗೆ ಹೇಳುವುದು ಬೇಜವಾಬ್ದಾರಿ. 2008ರ ನವೆಂಬರ್ 26ರ ಮುಂಬೈ ನೆನಪಿದೆ ಅಲ್ವಾ? ಕಮಾಂಡೋಗಳು ಎಲ್ಲಿ ಇಳಿಯುತ್ತಿದ್ದಾರೆ, ಯಾವ ಕಡೆಯಿಂದ ಒಳಗೆ ಹೋಗುತ್ತಿದ್ದಾರೆ ಎನ್ನುವುದನ್ನು ಟಿವಿ ಚಾನೆಲ್‌ಗಳು ನೇರವಾಗಿ ತೋರಿಸಿದವು. ಗಡಿಯಾಚೆ ಕೂತು ದಾಳಿಕೋರರನ್ನು ಫೋನಿನಲ್ಲಿ ನಡೆಸುತ್ತಿದ್ದವರು ಅದನ್ನು ನೋಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಚಾನೆಲ್‌ಗಳನ್ನು ಕಟುವಾಗಿ ಟೀಕಿಸಿತು. ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಬೇಡ, ಗೊತ್ತುಮಾಡಿದ ಅಧಿಕಾರಿ ಆಗಾಗ ಕೊಡುವ ಮಾಹಿತಿ ಸಾಕು ಎಂದು ಈಗ ನಿಯಮವೂ ಇದೆ. ನನಗೆ ಇದರಲ್ಲಿ ತಕರಾರಿಲ್ಲ. ಯಾವ ಮಾಹಿತಿ, ಯಾರ ಜೀವಕ್ಕೆ ಅಪಾಯ, ಎಷ್ಟು ಹೊತ್ತು ಅನ್ನುವುದು ಇಲ್ಲಿ ಸ್ಪಷ್ಟವಾಗಿದೆ. ಕಾರ್ಯಾಚರಣೆ ಮುಗಿದರೆ ತಡೆಯೂ ಮುಗಿಯಿತು. ಒಬ್ಬ ಕವಿ ತನ್ನ ಪದ್ಯ ಓದುವುದಕ್ಕೂ ಇದಕ್ಕೂ ಏನು ಸಂಬಂಧ?

ಅಂಥ ಒಬ್ಬ ಕವಿ ಅರ್ತ್ಯೋಮ್ ಕಮಾರ್ದಿನ್. ಮಾಸ್ಕೋದ ತ್ರಿಯುಂಫಾಲ್ನಾಯಾ ಚೌಕದಲ್ಲಿ ಕವಿ ಮಾಯಕೋವ್‌ಸ್ಕಿಯ ಪ್ರತಿಮೆ ಇದೆ. 1958ರಲ್ಲಿ ಪ್ರತಿಮೆ ನಿಲ್ಲಿಸಿದಾಗಿನಿಂದ ಹುಡುಗರು ಅದರ ಬುಡದಲ್ಲಿ ಸೇರಿ ಪದ್ಯ ಓದುತ್ತಿದ್ದರು. 1961ರಲ್ಲಿ ಕೆಲವರನ್ನು ಬಂಧಿಸಿ ಸೋವಿಯತ್ ಸರ್ಕಾರ ಅದನ್ನು ನಿಲ್ಲಿಸಿತು. ತುಂಬ ವರ್ಷಗಳ ನಂತರ, 2009ರಲ್ಲಿ, ಹೊಸ ತಲೆಮಾರು ಅದನ್ನು ಮತ್ತೆ ಶುರು ಮಾಡಿತ್ತು. 2022ರ ಸೆಪ್ಟೆಂಬರ್ 21ರಂದು ಪುಟಿನ್ ಭಾಗಶಃ ಸೇನಾ ಭರ್ತಿ ಘೋಷಿಸಿದರು. ನಾಲ್ಕು ದಿನ ಬಿಟ್ಟು ಕಮಾರ್ದಿನ್ ಅದೇ ಪ್ರತಿಮೆಯ ಹತ್ತಿರ ನಿಂತು ಯುದ್ಧದ ವಿರುದ್ಧ ಪದ್ಯ ಓದಿದರು. ಮಾರನೇ ದಿನ ಪೊಲೀಸರು ಮನೆಗೆ ನುಗ್ಗಿದರು. ಬಂಧಿಸುವಾಗ ತನ್ನನ್ನು ಹೊಡೆದರು, ಡಂಬೆಲ್‌ನಿಂದ ಲೈಂಗಿಕ ಹಿಂಸೆ ಕೊಟ್ಟರು ಎಂದು ಕಮಾರ್ದಿನ್ ಹೇಳಿದ್ದಾರೆ. ಅವರು ಕ್ಷಮೆ ಕೇಳುವ ವಿಡಿಯೋ ಕೂಡ ಹೊರಬಂತು. 2023ರ ಡಿಸೆಂಬರ್ 28ರಂದು ಅವರಿಗೆ 7 ವರ್ಷ ಶಿಕ್ಷೆಯಾಯಿತು. ಅವತ್ತು ಜೊತೆಗಿದ್ದ ಯೆಗೋರ್ ಷ್ತೋವ್ಬಾ ಎಂಬ ಯುವಕನಿಗೆ ಐದೂವರೆ ವರ್ಷ.

ಮಾಯಕೋವ್‌ಸ್ಕಿ, ಗೋರ್ಕಿ, ಟಾಲ್‌ಸ್ಟಾಯ್ ಎಂದರೆ ನಮ್ಮಲ್ಲಿ ಒಂದು ತಲೆಮಾರಿಗೆ ಮನೆಯ ಹೆಸರುಗಳು. ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸೋವಿಯತ್ ಪುಸ್ತಕಗಳು ಸಿಗುತ್ತಿದ್ದವು. ಎಷ್ಟೋ ಜನರ ಓದು ಶುರುವಾದದ್ದೇ ಅಲ್ಲಿಂದ. ಆ ಭಾಷೆಯ ಇವತ್ತಿನ ಕವಿಗಳಿಗೆ ಏನಾಗುತ್ತಿದೆ ಎಂದು ನೋಡುವುದು ಆ ಓದಿನ ಋಣ ಅಂತಲೇ ನನಗೆ ಅನಿಸುತ್ತದೆ.

ಜೆನ್ಯಾ ಬೆರ್ಕೋವಿಚ್ ಅವರ ಕೇಸು ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅವರು ರಂಗ ನಿರ್ದೇಶಕಿ, ಕವಿ. ಯುದ್ಧ ಶುರುವಾದ ಮೇಲೆ ಅವರು ಬರೆದ ಪದ್ಯಗಳು ಫೋನಿಂದ ಫೋನಿಗೆ ಹರಿದಾಡಿದವು. 2023ರ ಮೇ ತಿಂಗಳಲ್ಲಿ ಬಂಧಿಸಿದ್ದು ಮಾತ್ರ ಆ ಪದ್ಯಗಳಿಗಾಗಿ ಅಲ್ಲ, ಹಳೆಯ ನಾಟಕವೊಂದಕ್ಕಾಗಿ. ಆನ್‌ಲೈನ್‌ನಲ್ಲಿ ಪರಿಚಯವಾದ ಉಗ್ರರ ಮಾತು ನಂಬಿ ಸಿರಿಯಾಕ್ಕೆ ಹೊರಟ ರಷ್ಯನ್ ಹೆಣ್ಣುಮಕ್ಕಳ ಕಥೆ ಅದು. ಬರೆದವರು ಸ್ವೆತ್ಲಾನಾ ಪೆತ್ರಿಯ್ಚುಕ್. ಹೆಣ್ಣುಮಕ್ಕಳು ಹೀಗೆ ಮೋಸ ಹೋಗಬಾರದು ಎಂದು ಎಚ್ಚರಿಸುವ ನಾಟಕ. 2022ರಲ್ಲಿ ಅದಕ್ಕೆ ರಷ್ಯಾದ ದೊಡ್ಡ ರಂಗ ಪ್ರಶಸ್ತಿ ‘ಗೋಲ್ಡನ್ ಮಾಸ್ಕ್’ ಬಂದಿತ್ತು. ಮರುವರ್ಷ ಅದೇ ನಾಟಕ ಭಯೋತ್ಪಾದನೆಯನ್ನು ಸಮರ್ಥಿಸುತ್ತದೆ ಅಂತಾಯಿತು. ವಿಚಾರಣೆಯ ನಡುವೆ ಒಮ್ಮೆ ಬೆರ್ಕೋವಿಚ್ ಕೋರ್ಟಿಗೆ ತಮ್ಮ ವಾದವನ್ನು ಪದ್ಯದಲ್ಲೇ ಹೇಳಿದರು. 2024ರ ಜುಲೈ 8ರಂದು ಇಬ್ಬರಿಗೂ 6 ವರ್ಷದ ಶಿಕ್ಷೆಯಾಯಿತು. ಪದ್ಯಕ್ಕೆ ಶಿಕ್ಷೆ ಕೊಟ್ಟರೆ ಪದ್ಯವನ್ನು ಇನ್ನೂ ಹೆಚ್ಚು ಜನ ಓದುತ್ತಾರೆ. ಭಯೋತ್ಪಾದನೆ ಎಂಬ ಹಣೆಪಟ್ಟಿ ಅಂಟಿಸಿದರೆ ಪರವಾಗಿ ಮಾತಾಡಲು ಬರುವವರೂ ಹಿಂದೆ ಸರಿಯುತ್ತಾರೆ. ಪದ್ಯಗಳು ಕೇಸಿನಲ್ಲಿ ಇಲ್ಲದಿದ್ದರೂ ಅಸಲು ಕಾರಣ ಅವೇ ಎಂದು ಅವರ ಪರ ನಿಂತವರು ಹೇಳುತ್ತಾರೆ. ನಾನೂ ಅದನ್ನೇ ನಂಬುತ್ತೇನೆ.

ಇನ್ನು ಜೈಲಿಗೇ ಹಾಕಬೇಕಿಲ್ಲದ ರೀತಿ. ಬೊರಿಸ್ ಅಕುನಿನ್ ರಷ್ಯಾದ ಅತಿ ಜನಪ್ರಿಯ ಪತ್ತೇದಾರಿ ಕಾದಂಬರಿಕಾರರಲ್ಲಿ ಒಬ್ಬರು, ಲಂಡನ್‌ನಲ್ಲಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಯುದ್ಧದ ಬಗ್ಗೆ ಅವರು ಫೋನಿನಲ್ಲಿ ಆಡಿದ ಮಾತು ಬಯಲಾಯಿತು. ಕೂಡಲೇ ಪ್ರಕಾಶಕರು ಅವರ ಪುಸ್ತಕ ಮುದ್ರಿಸುವುದನ್ನೂ ಮಾರುವುದನ್ನೂ ನಿಲ್ಲಿಸಿದರು. ಅವರ ಹೆಸರು ಭಯೋತ್ಪಾದಕರ ಸರ್ಕಾರಿ ಪಟ್ಟಿಗೆ ಸೇರಿತು. 2025ರಲ್ಲಿ ಅವರ ಗೈರುಹಾಜರಿಯಲ್ಲೇ 14 ವರ್ಷ ಶಿಕ್ಷೆ. ‘ವಿದೇಶಿ ಏಜೆಂಟ್’ ಎಂದು ಘೋಷಿಸಿದ ಲೇಖಕರ ಪುಸ್ತಕಗಳನ್ನು ಅಂಗಡಿಗಳು ಮುಖಪುಟ ಕಾಣದಂತೆ ಸುತ್ತಿ, 18 ವರ್ಷ ಆದವರಿಗೆ ಮಾತ್ರ ಎಂಬ ಚೀಟಿ ಹಚ್ಚಿ ಇಟ್ಟವು. ಪುಸ್ತಕದಂಗಡಿಯವನ ಜಾಗದಲ್ಲಿ ನಿಂತು ಯೋಚಿಸಿ. ಕಪಾಟಿನಲ್ಲಿ ಯಾವುದು ಇಟ್ಟರೆ ತಪ್ಪು, ಯಾವುದು ಇಟ್ಟರೆ ಸರಿ ಅಂತ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಅನುಮಾನ ಬಂದದ್ದನ್ನೆಲ್ಲ ತೆಗೆದು ಒಳಗಿಡುತ್ತಾನೆ. ಪ್ರಕಾಶಕ ಹಸ್ತಪ್ರತಿ ವಾಪಸ್ ಕಳಿಸುತ್ತಾನೆ. ಬರೆಯುವವನು ವಾಕ್ಯ ಹೊಡೆದುಹಾಕುತ್ತಾನೆ. ಕಾನೂನು ಮಸುಕಾಗಿದ್ದಷ್ಟೂ ಹೆದರಿಕೆ ಜಾಸ್ತಿ. ಜೈಲಿಗೆ ಹೋದವರ ಪಟ್ಟಿ ಮಾಡಬಹುದು, ಬರೆಯದೇ ಉಳಿದ ಪುಸ್ತಕಗಳ ಪಟ್ಟಿ ಯಾರು ಮಾಡುತ್ತಾರೆ?

ಉಕ್ರೇನಿನ ಬರಹಗಾರರ ಸ್ಥಿತಿ ಬೇರೆ. ಅಲ್ಲಿ ಬರೆಯುವವರ ಜೀವಕ್ಕೇ ಕುತ್ತು. ವೊಲೊದಿಮಿರ್ ವಕುಲೆಂಕೊ ಮಕ್ಕಳಿಗಾಗಿ ಬರೆಯುತ್ತಿದ್ದವರು. ಇಝಿಯಂ ಪಟ್ಟಣದ ಹತ್ತಿರದ ಕಪಿತೋಲಿವ್ಕಾ ಹಳ್ಳಿಯಲ್ಲಿ ಮಗನ ಜೊತೆ ಇದ್ದರು. ಹುಡುಗನಿಗೆ ಆಟಿಸಂ. ರಷ್ಯಾ ಸೇನೆ ಹಳ್ಳಿಗೆ ಬಂದ ಮೇಲೆ ನಡೆದದ್ದನ್ನು ವಕುಲೆಂಕೊ ದಿನಚರಿಯಲ್ಲಿ ಬರೆದಿಟ್ಟರು. ತನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಅನ್ನುವುದು ಅವರಿಗೆ ಗೊತ್ತಾಗಿತ್ತು. ಹಾಳೆಗಳನ್ನು ಸುತ್ತಿ ತೋಟದ ಚೆರ್ರಿ ಮರದ ಬುಡದಲ್ಲಿ ಹೂತು, ತಂದೆಗೆ ಹೇಳಿದರು. 2022ರ ಮಾರ್ಚ್ 24ರಂದು ಸೈನಿಕರು ಅವರನ್ನು ಎಳೆದೊಯ್ದರು. ಸೆಪ್ಟೆಂಬರ್‌ನಲ್ಲಿ ಇಝಿಯಂ ಬಿಡುಗಡೆಯಾಯಿತು. ಕಾಡಿನಲ್ಲಿ ನೂರಾರು ಗುಂಡಿಗಳು ಸಿಕ್ಕವು. 319ನೇ ನಂಬರಿನ ಗುಂಡಿಯಲ್ಲಿ ಸಿಕ್ಕ ದೇಹ ವಕುಲೆಂಕೊ ಅವರದು ಎಂದು ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಯಿತು.

ಅದಕ್ಕೂ ಮೊದಲು, ಸೆಪ್ಟೆಂಬರ್ 24ರಂದು, ಇನ್ನೊಬ್ಬ ಲೇಖಕಿ ಆ ತೋಟಕ್ಕೆ ಬಂದಿದ್ದರು. ವಿಕ್ಟೋರಿಯಾ ಅಮೆಲಿನಾ. ಕಾದಂಬರಿ ಬರೆಯುವುದನ್ನು ಪಕ್ಕಕ್ಕಿಟ್ಟು ಯುದ್ಧಾಪರಾಧಗಳ ದಾಖಲೆ ಸಂಗ್ರಹಿಸುವ ಕೆಲಸಕ್ಕೆ ಇಳಿದಿದ್ದರು. ವಕುಲೆಂಕೊ ಅವರ ತಂದೆ ಅಗೆದ ಜಾಗದಲ್ಲಿ ದಿನಚರಿ ಸಿಗಲಿಲ್ಲ. ಅಮೆಲಿನಾ ತಾವೇ ಅಗೆದು ಹುಡುಕಿ ತೆಗೆದರು. ದಿನಚರಿ ಮರುವರ್ಷ ಪುಸ್ತಕವಾಯಿತು. 2023ರ ಜೂನ್ 27ರಂದು ಕ್ರಮಾತೋರ್ಸ್ಕ್‌ನಲ್ಲಿ ಕೊಲಂಬಿಯಾದ ಲೇಖಕರ ಜೊತೆ ಅಮೆಲಿನಾ ಊಟಕ್ಕೆ ಕೂತಿದ್ದ ಪಿಜ್ಜಾ ಹೋಟೆಲಿನ ಮೇಲೆ ರಷ್ಯಾದ ಕ್ಷಿಪಣಿ ಬಿತ್ತು. ಜುಲೈ 1ರಂದು ಅವರು ತೀರಿಕೊಂಡರು. 37 ವರ್ಷ. ಯುದ್ಧದಲ್ಲಿ ಕೆಲಸ ಮಾಡುವ ಹೆಂಗಸರ ಬಗ್ಗೆ ಅವರು ಬರೆಯುತ್ತಿದ್ದ ಪುಸ್ತಕ ಅರ್ಧಕ್ಕೇ ನಿಂತಿತು. ಅದನ್ನು ಹಾಗೆಯೇ ಪ್ರಕಟಿಸಿದರು. 2025ರಲ್ಲಿ ಅದಕ್ಕೆ ಆರ್ವೆಲ್ ಪ್ರಶಸ್ತಿ ಬಂತು.

ಇಷ್ಟು ಹೇಳಿದ ಮೇಲೆ ಉಕ್ರೇನ್ ಸರ್ಕಾರದ ಬಗ್ಗೆಯೂ ಮಾತಾಡಬೇಕು. ದಾಳಿಗೆ ಸಿಕ್ಕ ದೇಶ ಎಂದ ಮಾತ್ರಕ್ಕೆ ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಯುದ್ಧ ಶುರುವಾದಾಗ ಅಲ್ಲಿನ ದೊಡ್ಡ ಟಿವಿ ಚಾನೆಲ್‌ಗಳೆಲ್ಲ ಒಂದೇ ಸುದ್ದಿ ಪ್ರಸಾರ ಮಾಡುವ ಏರ್ಪಾಡು ಮಾಡಿದರು. ಮೊದಲ ವಾರಗಳಲ್ಲಿ ಅದು ಬೇಕಿತ್ತು. ವರ್ಷಗಳಾದರೂ ಅದನ್ನು ಬಿಡಲಿಲ್ಲ, ಸರ್ಕಾರದ ತುತ್ತೂರಿಯಾಗಿದೆ ಎಂದು ಅಲ್ಲಿನ ಪತ್ರಕರ್ತರೇ ದೂರಿದರು. ಯಾರನ್ನು ಸುದ್ದಿಯಲ್ಲಿ ಉಲ್ಲೇಖಿಸಬಾರದು ಎಂಬ ಸೂಚನೆ ಸರ್ಕಾರಿ ಸುದ್ದಿಸಂಸ್ಥೆ ಉಕ್ರಿನ್‌ಫಾರ್ಮ್‌ನಲ್ಲಿ ಇತ್ತು ಎಂಬುದು 2024ರಲ್ಲಿ ಹೊರಬಿತ್ತು. ಮುಖ್ಯವಾದ ವ್ಯತ್ಯಾಸ ಏನೆಂದರೆ ಈ ದೂರುಗಳನ್ನು ಉಕ್ರೇನಿನಲ್ಲಿ ಬರೆಯಬಹುದು, ಬರೆದವರಿದ್ದಾರೆ.

ಬರಹಗಾರರ ನಡುವೆಯೇ ಬಿರುಕು ಬೀಳುವುದೂ ಉಂಟು. 2023ರ ಮೇನಲ್ಲಿ ನ್ಯೂಯಾರ್ಕಿನಲ್ಲಿ ಪೆನ್ ಅಮೆರಿಕ ಸಂಸ್ಥೆಯ ಸಾಹಿತ್ಯೋತ್ಸವ. ಸೇನೆಗೆ ಸೇರಿದ್ದ ಉಕ್ರೇನಿನ ಇಬ್ಬರು ಲೇಖಕರು ಬಂದಿದ್ದರು. ರಷ್ಯನ್ನರು ಇರುವ ಉತ್ಸವದಲ್ಲಿ ತಾವು ಭಾಗವಹಿಸುವುದಿಲ್ಲ ಎಂದರು. ಸಂಘಟಕರು ದೇಶ ಬಿಟ್ಟ ರಷ್ಯನ್ ಲೇಖಕರ ಗೋಷ್ಠಿಯನ್ನು ರದ್ದು ಮಾಡಿದರು. ಆ ಗೋಷ್ಠಿ ನಡೆಸಬೇಕಿದ್ದ ಮಾಶಾ ಗೆಸೆನ್ ಸಂಸ್ಥೆಯ ಉಪಾಧ್ಯಕ್ಷ ಹುದ್ದೆ ಬಿಟ್ಟರು. ಮನೆ ಊರು ಕಳೆದುಕೊಂಡವನು ಜೊತೆಗೆ ಕೂರಲ್ಲ ಎಂದರೆ ಅದು ಅವನ ಹಕ್ಕು, ಅವನ ನೋವು. ಅದಕ್ಕೆ ಯಾರೂ ತಪ್ಪು ಹೇಳಲಾರರು. ಆದರೆ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆಂದೇ ಇರುವ ಸಂಸ್ಥೆ ಪುಟಿನ್ ವಿರುದ್ಧ ಮಾತಾಡಿ ದೇಶ ಬಿಟ್ಟವರ ಗೋಷ್ಠಿಯನ್ನು ನಿಲ್ಲಿಸಬಾರದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಗಾಜಾ ಯುದ್ಧ ಶುರುವಾದ ಕೂಡಲೇ, ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಪ್ಯಾಲೆಸ್ತೀನಿ ಲೇಖಕಿ ಅದಾನಿಯಾ ಶಿಬ್ಲಿ ಅವರಿಗೆ ಪ್ರಶಸ್ತಿ ಕೊಡುವ ಕಾರ್ಯಕ್ರಮವನ್ನು ನಿಲ್ಲಿಸಿದರು. ಕಾದಂಬರಿ ಬಂದಿದ್ದು ವರ್ಷಗಳ ಹಿಂದೆ. ತೀರ್ಪುಗಾರರು ಆರಿಸಿಯೂ ಆಗಿತ್ತು.

ಅಮೆರಿಕದ ಇನ್ನೊಂದು ಉದಾಹರಣೆಯನ್ನು ಬಿಡಲಾರೆ. 1991ರ ಕೊಲ್ಲಿ ಯುದ್ಧದಿಂದ 2009ರವರೆಗೆ, ಡೋವರ್ ವಾಯುನೆಲೆಗೆ ಬಂದಿಳಿಯುವ ಸೈನಿಕರ ಶವಪೆಟ್ಟಿಗೆಗಳ ಫೋಟೋ ತೆಗೆಯಲು ಅಲ್ಲಿ ಪತ್ರಕರ್ತರನ್ನು ಬಿಡುತ್ತಿರಲಿಲ್ಲ. ಕುಟುಂಬಗಳ ಖಾಸಗಿತನ ಎಂಬ ಕಾರಣ ಕೊಟ್ಟಿದ್ದರು. ಅದು ಪೂರ್ತಿ ಸುಳ್ಳು ಕಾರಣವೂ ಅಲ್ಲ. ಆದರೆ ನಿಯಮ ಬದಲಾದಾಗ ತೀರ್ಮಾನ ಕುಟುಂಬಗಳ ಕೈಗೆ ಬಂತು, ಎಷ್ಟೋ ಕುಟುಂಬಗಳು ಒಪ್ಪಿದವು. ಎಷ್ಟು ಅಮೆರಿಕನ್ ಸೈನಿಕರು ಸಾಯುತ್ತಿದ್ದಾರೆ ಎಂಬುದು ಇರಾಕಿನಲ್ಲಿ ಗುಂಡು ಹಾರಿಸುತ್ತಿದ್ದವನಿಗೆ ಹೊಸ ಸುದ್ದಿಯಾಗಿರಲಿಲ್ಲ.

ಈಗ ನಮ್ಮ ದೇಶ. ಯುದ್ಧಕ್ಕೆಂದು ತಂದ ಅಧಿಕಾರ ಯುದ್ಧ ಮುಗಿದ ಮೇಲೂ ಹೇಗೆ ಉಳಿಯುತ್ತದೆ ಎಂದು ನೋಡಲು ಬೇರೆಲ್ಲೂ ಹೋಗಬೇಕಿಲ್ಲ. ಚೀನಾ ಯುದ್ಧದ ಸಮಯದಲ್ಲಿ, 1962ರ ಅಕ್ಟೋಬರ್ 26ರಂದು, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 21ಕ್ಕೆ ಕದನ ನಿಂತಿತು. ಘೋಷಣೆ ಹಿಂದಕ್ಕೆ ಪಡೆದದ್ದು 1968ರ ಜನವರಿಯಲ್ಲಿ. ಮಾತಿಗೆ ಮಿತಿ ಹಾಕಲು ಸಂವಿಧಾನದ 19(2)ನೇ ವಿಧಿಯಲ್ಲಿ ಕೊಟ್ಟ ಕಾರಣಗಳಿಗೆ ‘ಭಾರತದ ಸಾರ್ವಭೌಮತೆ ಮತ್ತು ಅಖಂಡತೆ’ ಸೇರಿದ್ದು ಆ ನಡುವೆಯೇ, 1963ರ 16ನೇ ತಿದ್ದುಪಡಿಯಲ್ಲಿ. ಪ್ರತ್ಯೇಕ ದ್ರಾವಿಡನಾಡಿನ ಬೇಡಿಕೆ ಅದರ ಮುಖ್ಯ ಹಿನ್ನೆಲೆ.

1971ರದು ಇನ್ನೂ ದೊಡ್ಡ ಪಾಠ. ಡಿಸೆಂಬರ್ 3ರಂದು ಪಾಕಿಸ್ತಾನದ ಜೊತೆ ಯುದ್ಧ, ತುರ್ತು ಪರಿಸ್ಥಿತಿ. ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು, ನಾವು ಗೆದ್ದೆವು. ತುರ್ತು ಪರಿಸ್ಥಿತಿಯನ್ನು ಮಾತ್ರ ತೆಗೆಯಲಿಲ್ಲ. ಸಂವಿಧಾನದ 358ನೇ ವಿಧಿಯ ಪ್ರಕಾರ ಅಂಥ ಘೋಷಣೆ ಇರುವಷ್ಟು ದಿನ 19ನೇ ವಿಧಿ, ಅಂದರೆ ವಾಕ್ ಸ್ವಾತಂತ್ರ್ಯ, ಸರ್ಕಾರದ ಕೈ ಕಟ್ಟುವುದಿಲ್ಲ. 1975ರ ಜೂನ್‌ನಲ್ಲಿ ಬಂದ ತುರ್ತು ಪರಿಸ್ಥಿತಿಯನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಅವತ್ತಿಗೂ ಮೂರೂವರೆ ವರ್ಷದ ಹಿಂದಿನ, ಯುದ್ಧಕ್ಕಾಗಿ ಮಾಡಿದ ಘೋಷಣೆ ಜಾರಿಯಲ್ಲೇ ಇತ್ತು ಎಂಬುದನ್ನು ಮರೆತಿದ್ದೇವೆ. ಅದು ಹೋದದ್ದು 1977ರ ಮಾರ್ಚ್‌ನಲ್ಲಿ. 1971ರ ಭಾರತ ರಕ್ಷಣಾ ಕಾಯ್ದೆಯ ಹೆಸರಿಗೂ 1975ರಲ್ಲಿ ‘ಆಂತರಿಕ ಭದ್ರತೆ’ ಎಂದು ಸೇರಿಸಿ, ಹೊರಗಿನ ಶತ್ರುವಿಗೆಂದು ಮಾಡಿದ್ದನ್ನು ಒಳಗಿನವರ ಮೇಲೆ ಬಳಸಿದರು.

ಆ ದಿನಗಳಲ್ಲೇ, 1976ರಲ್ಲಿ, ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದ್ದು. ಕನ್ನಡಿಗರಿಗೆ ಅವರು ‘ಸಂಸ್ಕಾರ’ ಚಿತ್ರದ ಚಂದ್ರಿ. ರಂಗಭೂಮಿಯವರು, ಬರೆಯುತ್ತಿದ್ದವರು. ತೀವ್ರ ಅಸ್ತಮಾ ಇತ್ತು. ಜೈಲಿನಲ್ಲೂ ದಿನಚರಿ ಬರೆದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು.

2025ರ ಮೇ ತಿಂಗಳ ಆಪರೇಷನ್ ಸಿಂಧೂರದ ಸಮಯಕ್ಕೆ ಬರೋಣ. ತುರ್ತು ಪರಿಸ್ಥಿತಿ ಘೋಷಿಸಲಿಲ್ಲ, ಅದು ಒಳ್ಳೆಯದೇ. ಆದರೆ 8,000ಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಯುವಂತೆ ಸರ್ಕಾರ ಹೇಳಿದೆ ಎಂದು ಎಕ್ಸ್ ಕಂಪನಿ ತಿಳಿಸಿತು. ದಿ ವೈರ್ ಸುದ್ದಿತಾಣ ಸ್ವಲ್ಪ ಹೊತ್ತು ತೆರೆಯಲಿಲ್ಲ. ಅಶೋಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲಿ ಖಾನ್ ಮಹಮೂದಾಬಾದ್ ಫೇಸ್‌ಬುಕ್‌ನಲ್ಲಿ ಒಂದು ಬರಹ ಹಾಕಿದರು. ಕರ್ನಲ್ ಸೋಫಿಯಾ ಖುರೇಷಿ ಅವರನ್ನು ಹೊಗಳುವವರು, ಗುಂಪು ಹಲ್ಲೆಗೆ ಮತ್ತು ಬುಲ್ಡೋಜರ್‌ಗೆ ಸಿಕ್ಕವರ ಪರವಾಗಿಯೂ ಅಷ್ಟೇ ಜೋರಾಗಿ ಮಾತಾಡಲಿ ಎಂದರು. ಮೇ 18ರಂದು ಬಂಧನ. ದೇಶದ ಸಾರ್ವಭೌಮತೆಗೆ ಧಕ್ಕೆ ತರುವ ಅಪರಾಧದ ಸೆಕ್ಷನ್ 152 ಕೂಡ ಹಾಕಿದ್ದರು. ಮೂರು ದಿನದ ಮೇಲೆ ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಟ್ಟಿತು. ಆ ವಿಷಯದ ಬಗ್ಗೆ ಬರೆಯಬಾರದು ಎಂಬ ಷರತ್ತನ್ನೂ ಹಾಕಿತು. ಆ ಬರಹದಿಂದ ಪಾಕಿಸ್ತಾನಕ್ಕೆ ಹೊಸದಾಗಿ ಏನು ಗೊತ್ತಾಯಿತು? ಅವರು ಅದನ್ನು ಬರೆದ ವಾರವೇ ಕರಾಚಿ ಬಂದರು ಧ್ವಂಸವಾಯಿತು ಎಂದು ಕೆಲವು ಟಿವಿ ಚಾನೆಲ್‌ಗಳು ಕೂಗಿದವು. ಅದು ಹಸಿ ಸುಳ್ಳು. ಸುಳ್ಳು ಸುದ್ದಿಯೇ ದೇಶಕ್ಕೆ ಅಪಾಯ ಎನ್ನುವುದಾದರೆ ಮೊದಲು ನೋಡಬೇಕಾಗಿದ್ದು ಆ ಸ್ಟುಡಿಯೋಗಳನ್ನು.

ಖಾತೆ ತಡೆಯುವ ಆದೇಶಗಳಲ್ಲಿ ಇನ್ನೂ ಒಂದು ತೊಡಕಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಇಂಥ ತಡೆಗೆಂದು ಮಾಡಿದ 2009ರ ನಿಯಮಗಳ 16ನೇ ನಿಯಮದ ಪ್ರಕಾರ ದೂರು, ಕ್ರಮ ಎಲ್ಲವೂ ಗೋಪ್ಯ. ಯಾರ ಖಾತೆ ಹೋಯಿತೋ ಅವರಿಗೇ ಎಷ್ಟೋ ಸಲ ಕಾರಣ ಸಿಗುವುದಿಲ್ಲ. ಈ ವಿಷಯದ ದೊಡ್ಡ ಜಗಳಗಳು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟು ಟ್ವಿಟರ್ (ಈಗಿನ ಎಕ್ಸ್) ಅರ್ಜಿಯನ್ನು ತಳ್ಳಿಹಾಕಿ 50 ಲಕ್ಷ ರೂಪಾಯಿ ದಂಡ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ಬರಹ ತೆಗೆಯುವಂತೆ ಕಂಪನಿಗಳಿಗೆ ಸರ್ಕಾರ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಅದೇ ಕಂಪನಿ ಹಾಕಿದ ಅರ್ಜಿಯೂ ಬಿದ್ದುಹೋಯಿತು. ಅರ್ಜಿ ಹಾಕಿದ್ದು ವಿದೇಶಿ ಕಂಪನಿ, ಅದಕ್ಕೆ ಅದರ ವ್ಯಾಪಾರದ ಲೆಕ್ಕ ಇರುತ್ತದೆ. ಖಾತೆ ಕಳೆದುಕೊಂಡ ಬರಹಗಾರನ ಕಷ್ಟ ಬೇರೆ. ತನ್ನ ಮೇಲಿನ ಆರೋಪ ಏನೆಂದು ಓದಲು ಸಿಗದಿದ್ದರೆ ಅವನು ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು? ಗಡಿಯಲ್ಲಿ ಗುಂಡಿನ ಸದ್ದು ನಿಂತ ದಿನವೇ ಮುಗಿಯುವ ಆದೇಶ, ಅದರಲ್ಲಿ ಬರಹದ ಯಾವ ಸಾಲಿನಿಂದ ಯಾರಿಗೆ ಅಪಾಯ ಎಂದು ಬರೆದ ಕಾರಣ, ಅದರ ಒಂದು ಪ್ರತಿ ಬರಹಗಾರನ ಕೈಗೆ. ಇಷ್ಟನ್ನು ಮುಂದಿನ ಸಂಘರ್ಷ ಬರುವ ಮೊದಲೇ, ಶಾಂತಿ ಇರುವ ಈಗಲೇ, ಕೇಂದ್ರ ಸರ್ಕಾರ ನಿಯಮಕ್ಕೆ ಸೇರಿಸಬಹುದು. ಆ 16ನೇ ನಿಯಮವನ್ನು ತಿದ್ದಲು ಸಂವಿಧಾನ ತಿದ್ದಬೇಕಿಲ್ಲ.